ಪದ ಪರಿಚಯ: ಸೂಪರ್‌ನೋವಾ ಅವಶೇಷ

ಕಾಸರಗೋಡಿನಲ್ಲಿ ಮನೆ ಕಟ್ಟುವ ಮುರಕಲ್ಲಿಗೆ ಕೆಂಪು ಬಣ್ಣ ಬಂದಿರುವುದು ಅದರಲ್ಲಿರುವ ಕಬ್ಬಿಣದಿಂದ. ಆ ಕಬ್ಬಿಣ ಭೂಮಿಯಲ್ಲಿ ಹುಟ್ಟಿದ್ದಲ್ಲ. ಸೂರ್ಯ ಮೂಡುವುದಕ್ಕೂ ಮೊದಲು ಸಿಡಿದುಹೋದ ನಕ್ಷತ್ರಗಳಲ್ಲಿ ತಯಾರಾದದ್ದು. ಅಂಥ ಸಿಡಿತವೇ ಸೂಪರ್‌ನೋವಾ. ಸಿಡಿದ ಮೇಲೆ ಸಾವಿರಾರು ವರ್ಷ ಹಿಗ್ಗುತ್ತಲೇ ಹೋಗುವ ಅನಿಲ ಮತ್ತು ಧೂಳಿನ ರಾಶಿ ಸೂಪರ್‌ನೋವಾ ಅವಶೇಷ. ಪತ್ರಿಕೆಗಳಿಗೆ ಸಿಡಿತವೇ ಸುದ್ದಿ. ಆದರೆ ಒಳಗೆ ಏನು ನಡೆಯಿತು ಎಂದು ತಿಳಿಯಬೇಕಾದರೆ ಅವಶೇಷವನ್ನೇ ಕೆದಕಬೇಕು.

ನಕ್ಷತ್ರ ಸಿಡಿಯುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಸೂರ್ಯನ ಸುಮಾರು ಎಂಟು ಪಟ್ಟಿಗಿಂತ ಹೆಚ್ಚು ದ್ರವ್ಯರಾಶಿಯ ನಕ್ಷತ್ರ ಇಂಧನ ತೀರಿ ತಿರುಳು ಕುಸಿದಾಗ ಸಿಡಿಯುತ್ತದೆ. ಶ್ವೇತಕುಬ್ಜ, ಅಂದರೆ ಸಣ್ಣ ನಕ್ಷತ್ರದ ಇಂಧನ ತೀರಿದ ಮೇಲೆ ಉಳಿಯುವ ಒತ್ತಾದ ತಿರುಳು, ಆದರೆ ಜೊತೆಗಾರ ನಕ್ಷತ್ರದ ದ್ರವ್ಯ ಸೆಳೆದುಕೊಂಡು, ಸೂರ್ಯನ ಸುಮಾರು 1.4 ಪಟ್ಟಾದ ಚಂದ್ರಶೇಖರ್ ಮಿತಿಯನ್ನು ಸಮೀಪಿಸಿದಾಗ ಸಿಡಿಯಬಹುದು.

ಅಡಿಕೆ ತೋಟದೊಳಗಿಂದ ಆಕಾಶ ಚೂರುಚೂರಾಗಿಯೇ ಕಾಣುತ್ತದೆ. ನೋಡುವ ಮನಸ್ಸಿದ್ದರೆ ಪದವು, ಅಂದರೆ ಗುಡ್ಡದ ಮೇಲಿನ ಬಯಲು, ಹತ್ತಬೇಕು. ಧನು ತಿಂಗಳ ರಾತ್ರಿ ಒಂಬತ್ತಕ್ಕೆ ರೋಹಿಣಿ ಸಾಕಷ್ಟು ಮೇಲೇರಿರುತ್ತದೆ. ಅದೇ ವೃಷಭ ರಾಶಿಯ ಒಂದು ಕೊಂಬಿನ ತುದಿಯ ಪಕ್ಕದಲ್ಲಿ, ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿ ಕ್ರ್ಯಾಬ್ ನೆಬ್ಯುಲಾ ಎಂಬ ಅವಶೇಷ ಇದೆ. ಬರಿಗಣ್ಣಿಗೆ ಸಿಗುವುದಿಲ್ಲ, ಚಂದ್ರನಿಲ್ಲದ ರಾತ್ರಿ ಸಣ್ಣ ದೂರದರ್ಶಕಕ್ಕೆ ಮಸುಕು ಕಲೆಯಷ್ಟೇ. (ಆ ತಿಂಗಳಲ್ಲಿ ಮಲಯಾಳಿ ನೆರೆಹೊರೆಯವರು ಆಚರಿಸುವ ತಿರುವಾದಿರದ ನಕ್ಷತ್ರ, ಅಂದರೆ ನಮ್ಮ ಆರ್ದ್ರೆ, ನೋಟಕ್ಕೆ ಅಲ್ಲಿಂದ ದೂರವಿಲ್ಲ. ಅದೂ ಮುಂದೊಂದು ದಿನ ಸಿಡಿಯುವುದೇ.) ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿ, ಕ್ರ್ಯಾಬ್ ಹಿಗ್ಗುವ ವೇಗವನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ ಅದರ ವಯಸ್ಸು ಒಂಬತ್ತು ಶತಮಾನದ ಆಸುಪಾಸು ಬಂತು. 1054ರಲ್ಲಿ 23 ದಿನ ಹಗಲಿನಲ್ಲೂ ಕಂಡಿತೆಂದು ಚೀನಾದ ಜ್ಯೋತಿಷಿಗಳು ಬರೆದಿಟ್ಟ 'ಅತಿಥಿ ನಕ್ಷತ್ರ'ದ ಗುರುತು ಸಿಕ್ಕಿದ್ದು ಹೀಗೆ. ಅದರ ನಡುವೆ ಉಳಿದ ನ್ಯೂಟ್ರಾನ್ ನಕ್ಷತ್ರ, ಅಂದರೆ ಕುಸಿದು ಒತ್ತಾದ ತಿರುಳು, ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತಿದೆ.

ಇದಕ್ಕಿಂತಲೂ ನನಗೆ ಸೋಜಿಗವೆನಿಸುವುದು ಬೆಳಕಿನ ಪ್ರತಿಧ್ವನಿ. 1572ರಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಬರಿಗಣ್ಣಿನಿಂದ ಒಂದು ಸೂಪರ್‌ನೋವಾ ನೋಡಿದ್ದ. ಅದೇ ಸಿಡಿತದ ಬೆಳಕು ಬೇರೆ ದಿಕ್ಕಿಗೆ ಹೋಗಿ, ದೂರದ ಧೂಳಿಗೆ ತಾಗಿ, ಸುತ್ತುದಾರಿಯಲ್ಲಿ ನಾಲ್ಕು ಶತಮಾನಕ್ಕೂ ಹೆಚ್ಚು ತಡವಾಗಿ ಭೂಮಿಗೆ ತಲುಪಿತು. 2008ರಲ್ಲಿ ಹವಾಯಿಯ ಸುಬಾರು ದೂರದರ್ಶಕ ಆ ಬೆಳಕಿನ ರೋಹಿತವನ್ನು, ಅಂದರೆ ಅದನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯನ್ನು, ಹಿಡಿಯಿತು. ಸಿಡಿದದ್ದು ಶ್ವೇತಕುಬ್ಜ ಎಂದು ಖಚಿತವಾಯಿತು.

ಆಘಾತ ತರಂಗಕ್ಕೆ ಸಿಕ್ಕಿ ಕೋಟಿ ಡಿಗ್ರಿಗೆ ಕಾದ ಅನಿಲ ಎಕ್ಸ್-ರೇ ಸೂಸುತ್ತದೆ. ನಮ್ಮ ವಾತಾವರಣ ಅದನ್ನು ತಡೆಯುವುದರಿಂದ ಉಪಗ್ರಹಗಳೇ ಬೇಕು: 1999ರಲ್ಲಿ ಮೇಲೇರಿದ ಚಂದ್ರಾ, 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್. ಪ್ರತಿ ಧಾತುವಿನ ಎಕ್ಸ್-ರೇಗೂ ತನ್ನದೇ ಶಕ್ತಿಯ ಗುರುತಿರುವುದರಿಂದ ಯಾವುದು ಎಲ್ಲಿದೆ ಎಂದು ನಕ್ಷೆ ಬರೆಯಬಹುದು. ಕ್ಯಾಸಿಯೋಪಿಯಾ ಎ ಅವಶೇಷವನ್ನು ಚಂದ್ರಾ ಹಾಗೆ ನೋಡಿದಾಗ, ನಕ್ಷತ್ರದ ಒಡಲಾಳದಲ್ಲಿ ರೂಪುಗೊಂಡ ಕಬ್ಬಿಣ ಕೆಲವೆಡೆ ಸಿಲಿಕಾನ್‌ಗಿಂತಲೂ ಹೊರಗೆ ಇತ್ತು. ಪದರಗಳು ಸಾಲಾಗಿ ಹೊರಬೀಳಲಿಲ್ಲ. ಸಿಡಿತ ಒಳಗಿನದನ್ನು ಹೊರಗೆ ಮಗುಚಿ ಹಾಕಿತ್ತು.

ಎಲ್ಲ ಅವಶೇಷಗಳೂ ಇಷ್ಟು ಬೇಗ ಬಾಯಿ ಬಿಡುವುದಿಲ್ಲ. 1987ರ ಫೆಬ್ರವರಿಯಲ್ಲಿ ನೆರೆಯ ಗೆಲಾಕ್ಸಿಯಲ್ಲಿ ಕಂಡ ಸೂಪರ್‌ನೋವಾದ ನಡುವೆ ನ್ಯೂಟ್ರಾನ್ ನಕ್ಷತ್ರ ಇರಲೇಬೇಕು ಎಂದು ದಶಕಗಟ್ಟಲೆ ಹುಡುಕಿದರೂ ಧೂಳಿನ ಮರೆಯಲ್ಲಿ ಏನೂ ಕಾಣಲಿಲ್ಲ. ಅದಿದೆ ಎಂಬುದಕ್ಕೆ ಬಲವಾದ ಸುಳಿವು, ಅದರ ವಿಕಿರಣ ತಾಗಿ ಎಲೆಕ್ಟ್ರಾನ್ ಕಳೆದುಕೊಂಡಿರಬಹುದಾದ ಆರ್ಗಾನ್ ಅಯಾನುಗಳು ಸೂಸುವ ಅವಕೆಂಪು ಬೆಳಕಿನ ರೂಪದಲ್ಲಿ, ಜೇಮ್ಸ್ ವೆಬ್ ದೂರದರ್ಶಕಕ್ಕೆ ಸಿಕ್ಕಿದ ವಿಚಾರ ಪ್ರಕಟವಾದದ್ದು 2024ರಲ್ಲಿ.