ಪ್ಲಸ್ ಗುಳ್ಳೆ, ಮೈನಸ್ ಗುಳ್ಳೆ: ಅಂಟಿದ ಮೇಲೆ ಏನಾಗುತ್ತದೆ?

ಕೋವಿಡ್ ಕಾಲದಲ್ಲಿ ಎಂಆರ್‌ಎನ್‌ಎ ಲಸಿಕೆಯ ಸುದ್ದಿಯ ಜೊತೆಗೇ ಒಂದು ವಿವರಣೆಯೂ ಹರಡಿತು. ಎಂಆರ್‌ಎನ್‌ಎಯನ್ನು ಹೊತ್ತೊಯ್ಯುವ ಲಿಪಿಡ್ (ಕೊಬ್ಬಿನಂಥ ಅಣು) ಗುಳ್ಳೆಗೆ ಪ್ಲಸ್ ಚಾರ್ಜ್, ಜೀವಕೋಶದ ಪೊರೆಗೆ ಮೈನಸ್, ಎರಡೂ ಸೆಳೆದುಕೊಂಡು ಒಂದಾಗುತ್ತವೆ ಅಂತ. ಕೇಳೋಕೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಅಂಟಿಕೊಳ್ಳುವುದು ಬೇರೆ, ಒಂದಾಗುವುದು ಬೇರೆ.

1960ರ ದಶಕದಲ್ಲಿ ಬ್ರಿಟಿಷ್ ವಿಜ್ಞಾನಿ ಅಲೆಕ್ ಬ್ಯಾಂಗಮ್ ಲಿಪಿಡ್‌ಗಳು ನೀರಿನಲ್ಲಿ ತಾವಾಗಿಯೇ ಗುಳ್ಳೆ ಕಟ್ಟುವುದನ್ನು ತೋರಿಸಿದರು. 1970ರ ದಶಕದಲ್ಲಿ ಮೈನಸ್ ಗುಳ್ಳೆಗಳನ್ನು ಕ್ಯಾಲ್ಸಿಯಂ ಸೇರಿಸಿ ಬೆಸೆದರು. ನಮ್ಮ ಬೋರ್‌ವೆಲ್ ನೀರನ್ನು ಗಡಸು ಮಾಡುವ ಅದೇ ಕ್ಯಾಲ್ಸಿಯಂ. 1987ರಲ್ಲಿ ಪ್ಲಸ್ ಲಿಪಿಡ್‌ನಿಂದ ಡಿಎನ್‌ಎಯನ್ನು ಕೋಶದೊಳಗೆ ಕಳಿಸಿದರು. ಬೆಂಗಳೂರಿನ ಐಐಎಸ್‌ಸಿಯ ರಸಾಯನ ವಿಜ್ಞಾನಿಗಳೂ ಮುಂದೆ ಇಂಥ ಹೊಸ ಲಿಪಿಡ್‌ಗಳನ್ನು ತಯಾರಿಸಿದರು.

ನನಗೆ ತುಂಬಾ ಮುಖ್ಯ ಅನ್ನಿಸುವುದು 1990ರ ದಶಕದ ಕೊನೆಯ ಕೆಲಸ. ಮೈಕ್ರೋಸ್ಕೋಪಿನಲ್ಲಿ ಕಾಣುವಷ್ಟು ದೊಡ್ಡ ಗುಳ್ಳೆಗಳಿಗೆ ಬಣ್ಣ ಕೊಟ್ಟು, ಪ್ಲಸ್ ಮತ್ತು ಮೈನಸ್ ಗುಳ್ಳೆಗಳನ್ನು ಎದುರುಬದುರು ತಂದರು. ಕೆಲವು ಸುಮ್ನೆ ಅಂಟಿ ನಿಂತವು. ಕೆಲವು ಅರ್ಧ ಬೆಸೆದವು. ಕೆಲವು ಪೂರ್ತಿ ಒಂದಾದವು. ಇನ್ನು ಕೆಲವು ಒಡೆದೇ ಹೋದವು.

ಯಾಕೆ ಹೀಗೆ? ಸೆಳೆತಕ್ಕೆ ಎರಡೂ ಗುಳ್ಳೆಗಳು ತಾಗಿದ ಕಡೆ ಚಪ್ಪಟೆಯಾಗುತ್ತವೆ. ಪೊರೆ ಬಿಗಿಯಾಗುತ್ತದೆ. ಪ್ರತಿ ಪೊರೆಗೂ ಎರಡು ಪದರ. ಮೊದಲು ಹೊರಪದರಗಳು ಬೆರೆಯುತ್ತವೆ, ಒಳಪದರಗಳು ಹಾಗೇ ಉಳಿಯುತ್ತವೆ. ಆಮೇಲೆ ಒಳಪದರದಲ್ಲೂ ರಂಧ್ರ ಬಿದ್ದರೆ ಮಾತ್ರ ಎರಡರ ಒಳಗಿನ ನೀರು ಒಂದಾಗುತ್ತದೆ. ಬಿಗಿತ ಜಾಸ್ತಿಯಾದರೆ ಪೊರೆಯೇ ಹರಿದು ಒಳಗಿದ್ದದ್ದು ಚೆಲ್ಲಿಹೋಗುತ್ತದೆ. ಉಪ್ಪಿನ ಪಾತ್ರವೂ ದೊಡ್ಡದು. ರಕ್ತದಷ್ಟು ಉಪ್ಪಿರುವ ನೀರಿನಲ್ಲಿ ಚಾರ್ಜಿನ ಪ್ರಭಾವ ಸುಮಾರು 1 ನ್ಯಾನೋಮೀಟರ್ ದೂರದಲ್ಲೇ ಕುಗ್ಗುತ್ತದೆ. ಪೊರೆಯ ದಪ್ಪವೇ 4-5 ನ್ಯಾನೋಮೀಟರ್! ಉಪ್ಪು ಕಡಿಮೆ ಇರುವ ನೀರಿನಲ್ಲಿ ಕಂಡದ್ದನ್ನು ದೇಹಕ್ಕೆ ನೇರವಾಗಿ ಅನ್ವಯಿಸಿದ್ದು ಅವಸರವಾಯಿತು.

2001ರ ಹೊತ್ತಿಗೆ ಇನ್ನೊಂದು ಸುಳಿವು ಸಿಕ್ಕಿತು. ಪ್ಲಸ್ ಮತ್ತು ಮೈನಸ್ ಲಿಪಿಡ್ ಜೋಡಿಯಾದಾಗ ಅವುಗಳ ಒಟ್ಟು ಆಕಾರ ಶಂಕುವಿನಂತಾಗುತ್ತದೆ. ಆಗ ಸಪಾಟಾದ ಪೊರೆ ನಿಲ್ಲುವುದಿಲ್ಲ. ಅಂದರೆ ಬೆಸೆಯುವುದರಲ್ಲಿ ಚಾರ್ಜಿನಷ್ಟೇ ಆಕಾರದ ಪಾಲೂ ಇದೆ. ಸದಾ ಪ್ಲಸ್ ಆಗಿರುವ ಲಿಪಿಡ್ ದೇಹಕ್ಕೆ ವಿಷವಾಗಬಲ್ಲದು. ಅದಕ್ಕೇ ಈಗಿನ ಲಿಪಿಡ್‌ಗಳು ರಕ್ತದಲ್ಲಿ ಹೆಚ್ಚುಕಡಿಮೆ ತಟಸ್ಥವಾಗಿದ್ದು, ಕೋಶ ಅವನ್ನು ನುಂಗಿ ಇಟ್ಟುಕೊಳ್ಳುವ ಹುಳಿ (ಆಮ್ಲೀಯ) ಚೀಲದಲ್ಲಿ ಮಾತ್ರ ಪ್ಲಸ್ ಆಗುತ್ತವೆ. 2018ರಲ್ಲಿ ಮಂಜೂರಾದ ಪಟಿಸಿರಾನ್ ಎಂಬ ಆರ್‌ಎನ್‌ಎ ಔಷಧಿ ಇದೇ ದಾರಿಯದು.

ಇಷ್ಟಾದರೂ ಆ ಚೀಲದಿಂದ ಪಾರಾಗಿ ಹೊರಬರುವ ಆರ್‌ಎನ್‌ಎ ತೀರಾ ಕಡಿಮೆ. 2013ರ ಒಂದು ಅಳತೆಯಲ್ಲಿ ಅದು ಬರೀ ಶೇ. 1-2.