ಹಿಂದಿನ ಲೈಟಿನ ವೈರಿಗೆ ಕತ್ತರಿ ಹಾಕುವ ಮುಂಚೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಚಿಂಚವಡದಿಂದ ಒಬ್ಬ ಹುಡುಗ ಪುಣೆ ಹತ್ತಿರದ ಭೋಸರಿಯ ನಮ್ಮ ಗ್ಯಾರೇಜಿಗೆ ಕಾರು ತಂದ. ವಿಜಯಪುರ ಕಡೆಯವನು, ಕೆಲಸ ಹಿಂಜವಡಿಯಲ್ಲಿ. ಪವನಾ ಹಿನ್ನೀರಿಗೆ ಕಯಾಕ್ ದೋಣಿ ಒಯ್ಯಬೇಕು ಅಂತ ಸಣ್ಣ ಟ್ರೇಲರ್ ತೆಗೆದುಕೊಂಡಿದ್ದ. ಅದನ್ನು ಎಳೆಯಲು ಕಾರಿನ ಹಿಂದೆ ಹಾಕುವ ಕಬ್ಬಿಣದ ಟೋ ಬಾರ್ ತಾನೇ ಕೂರಿಸಿದ್ದ, ಟ್ರೇಲರ್ ಲೈಟಿನ ವೈರಿಂಗೂ ತಾನೇ ಮಾಡಿದ್ದ. ಬಂಪರ್ ಕೂತಿದ್ದ ರೀತಿ ನೋಡಿ ಹುಡುಗನ ಕೈ ಚೆನ್ನಾಗಿದೆ ಅನ್ನಿಸಿತು. ಆದರೆ ಎಡಗಡೆಯ ಹಿಂದಿನ ಇಂಡಿಕೇಟರ್ ಸತ್ತಿತ್ತು.

"ಅಣ್ಣಾರ, ಫ್ಯೂಸ್ ಎಲ್ಲಾ ನೋಡೀನ್ರಿ. ಒಂದೂ ಹೋಗಿಲ್ಲ. ಟ್ರೇಲರ್ ಬಿಚ್ಚಿದ್ರೂ ಲೈಟ್ ಬರ್ವಲ್ದು" ಅಂದ.

ಡಿಕ್ಕಿಯ ಒಳಗಿನ ಪ್ಲಾಸ್ಟಿಕ್ ತೆಗೆದೆ. ಹಿಂದಿನ ಲೈಟಿಗೆ ಹೋಗುವ ಒಂದೊಂದು ವೈರಿಗೂ ಒಂದೊಂದು ನೀಲಿ ಕ್ಲಿಪ್ ಕಚ್ಚಿಸಿ, ಅಲ್ಲಿಂದಲೇ ಟ್ರೇಲರ್‌ಗೆ ಕರೆಂಟ್ ತೆಗೆದುಕೊಂಡಿದ್ದ. ಇಪ್ಪತ್ತು ವರ್ಷದ ಹಿಂದಿನ ಜೀಪಿಗೆ ಇದೇ ಕೆಲಸ ನಾನೂ ಎಷ್ಟೋ ಸಲ ಮಾಡಿದ್ದೇನೆ. ಆಗ ಅದು ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಯಾಕೆ ನಡೆಯುವುದಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೋ ಬಾರ್ ಕೆಲಸದಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಹಳೆ ಗಾಡಿಯಲ್ಲಿ ಕರೆಂಟ್ ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಬಲ್ಬಿಗೆ ಹೋಗುತ್ತಿತ್ತು. ತೋಟದ ಪೈಪಿನಲ್ಲಿ ನೀರು ಹೋದ ಹಾಗೆ. ಪೈಪಿಗೆ ಇನ್ನೊಂದು ಕವಲು ಹಾಕಿದರೆ ಅಲ್ಲಿಗೂ ನೀರು ಬರುತ್ತಿತ್ತು. ಜಾಸ್ತಿ ಎಳೆದರೆ ಫ್ಯೂಸ್ ಹೋಗುತ್ತಿತ್ತು, ಹೊಸದು ಹಾಕಿದರೆ ಮುಗೀತು. ಈಗಿನ ಕಾರಿನಲ್ಲಿ ಇಂಡಿಕೇಟರ್ ಕಡ್ಡಿಯಲ್ಲಿ ಬಲ್ಬಿನ ಕರೆಂಟೇ ಇಲ್ಲ. ಕಡ್ಡಿ ಎತ್ತಿದ ಸುದ್ದಿ ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನುವ ಪೆಟ್ಟಿಗೆಗೆ ಹೋಗುತ್ತದೆ. ನಾವು ಅದನ್ನು ಬಿಸಿಎಂ ಅನ್ನುತ್ತೇವೆ. ಅದರೊಳಗಿನ ಉಗುರಿನಷ್ಟು ಸಣ್ಣ ಎಲೆಕ್ಟ್ರಾನಿಕ್ ಸ್ವಿಚ್ ಲೈಟ್ ಹಚ್ಚುತ್ತದೆ. ಹಚ್ಚುವುದರ ಜೊತೆಗೆ ಎಷ್ಟು ಕರೆಂಟ್ ಹೋಯಿತು ಅಂತ ಅಳೆಯುತ್ತದೆ. ಕಡಿಮೆ ಹೋದರೆ ಬಲ್ಬ್ ಹೋಗಿದೆ ಅಂತ ತಿಳಿಯುತ್ತದೆ. ಜಾಸ್ತಿ ಹೋದರೆ ಶಾರ್ಟ್ ಆಗಿದೆ ಅಂತ ಆ ಲೈನನ್ನೇ ಬಂದ್ ಮಾಡುತ್ತದೆ.

ಲೆಕ್ಕ ನೋಡಿ. ಟ್ರೇಲರ್ ಇಂಡಿಕೇಟರ್ ಬಲ್ಬ್ 21 ವಾಟ್. 12 ವೋಲ್ಟಿಗೆ ಅದು ಎಳೆಯುವುದು 1.75 ಆಂಪ್. ಕಾರಿನ ಎಲ್‌ಇಡಿ ಇಂಡಿಕೇಟರ್ ಎಳೆಯುವುದು ಅದರಲ್ಲಿ ಸಣ್ಣ ಪಾಲು ಮಾತ್ರ. ಅಷ್ಟಕ್ಕೇ ಅಂತ ಮಾಡಿದ ದಾರಿಯಲ್ಲಿ ಹಲವು ಪಟ್ಟು ಕರೆಂಟ್ ಎಳೆದ ಹಾಗಾಯಿತು. ಇನ್ನೂ ಒಂದು ತೊಡಕಿದೆ. ಎಷ್ಟೋ ಕಾರುಗಳಲ್ಲಿ ಹಿಂದಿನ ಲೈಟಿಗೆ ಕರೆಂಟ್ ಒಂದೇ ಸಮ ಹೋಗುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಆಗುತ್ತಾ ಹೋಗುತ್ತದೆ. ಒಂದೇ ಬಲ್ಬನ್ನು ಮಂದವಾಗಿ ಉರಿಸಿ ಟೇಲ್ ಲೈಟ್, ಜೋರಾಗಿ ಉರಿಸಿ ಬ್ರೇಕ್ ಲೈಟ್ ಮಾಡುವ ಕಾರುಗಳೂ ಇವೆ. ಲೈಟ್ ಹಚ್ಚದೇ ಇದ್ದಾಗಲೂ ಬಲ್ಬ್ ಸರಿ ಇದೆಯಾ ಅಂತ ಬಿಸಿಎಂ ಆಗಾಗ ಒಂದು ಸಣ್ಣ ಮಿಂಚು ಕಳಿಸಿ ನೋಡುತ್ತದೆ. ಟ್ರೇಲರ್‌ಗೆ ಎಲ್‌ಇಡಿ ಹಾಕಿದ್ದರೆ ಆ ಮಿಂಚಿಗೆ ಅದು ಸುಮ್ನೆ ಮಿನುಗುತ್ತಾ ಇರುತ್ತದೆ.

ಹುಡುಗನ ಕಾರಿಗೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಎಡಗಡೆ ಹಿಂದಿನ ಇಂಡಿಕೇಟರ್ ಲೈನಿನಲ್ಲಿ ಶಾರ್ಟ್ ಅಂತ ಕೋಡ್ ಕುಳಿತಿತ್ತು. ಅವನ ಕ್ಲಿಪ್ಪುಗಳನ್ನು ಬಿಚ್ಚಿ, ವೈರ್ ಸರಿ ಮಾಡಿ, ಕೋಡ್ ಅಳಿಸಿದೆ. ಎಷ್ಟೋ ಸಲ ಅಷ್ಟಕ್ಕೇ ಲೈಟ್ ವಾಪಸ್ ಬರುತ್ತದೆ. ಇಲ್ಲಿ ಬರಲಿಲ್ಲ. ಒಳಗಿನ ಸ್ವಿಚ್ಚೇ ಸುಟ್ಟಿತ್ತು. ಬಿಸಿಎಂ ಬದಲಿಸಿ ಕೋಡಿಂಗ್ ಮಾಡುವ, ಅಂದರೆ ಹೊಸ ಪೆಟ್ಟಿಗೆಯನ್ನು ಸ್ಕ್ಯಾನರ್‌ನಿಂದ ಕಾರಿಗೆ ಹೊಂದಿಸುವ ಖರ್ಚು ಅವನ ಟೋ ಬಾರ್, ವೈರ್, ಸಾಕೆಟ್ ಎಲ್ಲಾ ಸೇರಿದ್ದಕ್ಕಿಂತ ಜಾಸ್ತಿ ಆಯಿತು. ನನಗೆ ಬಹಳ ಬೇಜಾರಾಯಿತು. ಶ್ರದ್ಧೆಯಿಂದ ಕೆಲಸ ಮಾಡಿದ ಹುಡುಗ, ಅವನಿಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ.

ಹಿಂದಿನ ಲೈಟಿನ ವೈರಿನಿಂದ ಸುದ್ದಿ ಮಾತ್ರ ತೆಗೆದುಕೊಳ್ಳಿ, ಕರೆಂಟ್ ತೆಗೆದುಕೊಳ್ಳಬೇಡಿ. ನನ್ನ ಹತ್ತಿರ ಕೆಲಸ ಕಲಿಯಲು ಬರುವವರಿಗೆ ಮೊದಲ ದಿನ ಹೇಳುವ ಮಾತು ಇದು. ಸುದ್ದಿ ತೆಗೆದುಕೊಳ್ಳಲಿಕ್ಕೆ ಬೈಪಾಸ್ ರಿಲೇ ಅನ್ನುವ ಸಣ್ಣ ಪೆಟ್ಟಿಗೆ ಸಿಗುತ್ತದೆ. ಕಾರಿನ ವೈರಿನಿಂದ ಅದು ಎಳೆಯುವುದು ಕೆಲವು ಮಿಲಿಆಂಪ್ ಅಷ್ಟೆ. "ಎಡಗಡೆ ಇಂಡಿಕೇಟರ್ ಹತ್ತಿದೆ" ಅಂತ ತಿಳಿದ ಕೂಡಲೇ, ನೇರ ಬ್ಯಾಟರಿಯಿಂದ ಬಂದ ಬೇರೆ ಲೈನಿನಿಂದ ಟ್ರೇಲರ್ ಲೈಟಿಗೆ ಕರೆಂಟ್ ಕೊಡುತ್ತದೆ. ಅದಕ್ಕಿಂತ ಒಳ್ಳೆಯದು ನಿಮ್ಮ ಕಾರಿನ ಮಾಡೆಲ್‌ಗೇ ಅಂತ ಮಾಡಿದ ಕಿಟ್. ಅದು ಕಾರಿನ ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಸುದ್ದಿ ಹಂಚಿಕೊಳ್ಳುವ ಕ್ಯಾನ್ ಲೈನಿಗೆ ಸೇರಿಕೊಂಡು ಅದರ ಭಾಷೆಯಲ್ಲೇ ಮಾತಾಡುತ್ತದೆ. ಟ್ರೇಲರ್ ಸಾಕೆಟ್ ಹಾಕಿದ ಕೂಡಲೇ ಕಾರಿಗೆ ಗೊತ್ತಾಗುತ್ತದೆ. ರಿವರ್ಸ್ ತೆಗೆಯುವಾಗ ಹಿಂದಿನ ಪಾರ್ಕಿಂಗ್ ಸೆನ್ಸರ್ ಟ್ರೇಲರ್ ನೋಡಿ ಕೂಗುವುದು ನಿಲ್ಲುತ್ತದೆ. ಆ ಸೌಲಭ್ಯ ಇರುವ ಕಾರಾದರೆ, ಟ್ರೇಲರ್ ತೂಗಾಡಿದಾಗ ಕಾರು ಅಡ್ಡಾದಿಡ್ಡಿ ಹೋಗದಂತೆ ಕಾಯುವ ಇಎಸ್‌ಪಿ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಕೊಟ್ಟು ಹಿಡಿಯುತ್ತದೆ. ಆದರೆ ಕಿಟ್ ಹಾಕಿದ ಮೇಲೆ ಸ್ಕ್ಯಾನರ್‌ನಿಂದ ಕೋಡಿಂಗ್ ಮಾಡಿಸಬೇಕು. ಅದೊಂದು ಕೆಲಸ ಹೊರಗೆ ಮಾಡಿಸಿದರೂ ಉಳಿದದ್ದು ಮನೆಯಲ್ಲೇ ಆಗುತ್ತದೆ.

ಪಾನಾ ಕೈಗೆ ತೆಗೆದುಕೊಳ್ಳುವ ಮೊದಲೇ ನೋಡಬೇಕಾದ ಕೆಲವು ವಿಷಯ ಇವೆ. ಕಾರಿನ ಜೊತೆ ಬಂದ ಮ್ಯಾನ್ಯುಯಲ್ ತೆರೆಯಿರಿ. ಎಳೆಯಬಹುದಾದ ತೂಕ ಅಲ್ಲಿ ಬರೆದಿರುತ್ತದೆ. ಕೆಲವು ಕಾರುಗಳಲ್ಲಿ "ಟ್ರೇಲರ್ ಎಳೆಯಲು ಮಾಡಿದ್ದಲ್ಲ" ಅಂತ ಸ್ಪಷ್ಟವಾಗಿ ಇರುತ್ತದೆ. ಹಾಗಿದ್ದರೆ ಅಲ್ಲಿಗೇ ಬಿಡಿ. ಕಾರು ತಯಾರಿಸಿದವರು ಲೆಕ್ಕ ಹಾಕಿ ಬರೆದಿದ್ದು ಅದು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಅಂತ ಹೇಳಿತು. ಆದ್ದರಿಂದ ಕಂಪನಿ ಒಪ್ಪಿದ ಟೋ ಬಾರ್ ಇದೆಯಾ ಅಂತ ಮೊದಲು ಶೋರೂಮಿನಲ್ಲಿ ಕೇಳಿ. ಆಮೇಲೆ ಆರ್‌ಟಿಒದಲ್ಲಿ ವಿಚಾರಿಸಿ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಟ್ರೇಲರ್ ವಿಷಯ ಬೇರೆಯೇ ಇದೆ. ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಅದಕ್ಕೂ ನೋಂದಣಿ ಬೇಕು.

ಟ್ರಾಫಿಕ್ಕಿನಲ್ಲಿ ಹಿಂದಿನವರು ಗುದ್ದಬಾರದು ಅಂತ ಬಂಪರ್ ಕಾಯಲಿಕ್ಕೆ ಟೋ ಹುಕ್ ಹಾಕಿಸುವವರು ಪುಣೆಯಲ್ಲಿ ಬಹಳ ಜನ ಇದ್ದಾರೆ. ಅದನ್ನು ನಾನು ಹಾಕಿಕೊಡುವುದಿಲ್ಲ. ಗುದ್ದಿದ ಹೊಡೆತವನ್ನು ಬಂಪರ್ ಮತ್ತು ಅದರ ಹಿಂದಿನ ಬೀಮ್ ಮಡಚಿಕೊಂಡು ತಿನ್ನಬೇಕು. ಹೊರಗೆ ಚಾಚಿದ ಗಟ್ಟಿ ಕಬ್ಬಿಣ ಆ ಹೊಡೆತವನ್ನು ನೇರ ಚಾಸಿಸ್‌ಗೆ ದಾಟಿಸುತ್ತದೆ. ಹಿಂದೆ ಬೈಕ್ ಮೇಲೆ ಬರುವವನ ಮೊಣಕಾಲಿನ ಗತಿ ಏನು ಅಂತಲೂ ಯೋಚಿಸಬೇಕು, ಅಲ್ವಾ?

ಇನ್ನು ಟೋ ಬಾರ್. ಒಳ್ಳೆಯ ಬಾರಿನ ಮೇಲೆ ಒಂದು ಪ್ಲೇಟ್ ಇರುತ್ತದೆ. ಅದರಲ್ಲಿ ಎಸ್ ಮತ್ತು ಡಿ ಅಂತ ಎರಡು ಅಂಕಿ. ಎಸ್ ಅಂದರೆ ಟ್ರೇಲರ್ ಸಿಕ್ಕಿಸುವ ಬಾರಿನ ತುದಿಯ ಗುಂಡಿನ ಮೇಲೆ ನೇರ ಕೆಳಗೆ ಬೀಳಬಹುದಾದ ಭಾರ, ಕಿಲೋ ಲೆಕ್ಕದಲ್ಲಿ. ಡಿ ಅಂದರೆ ಎಳೆತಕ್ಕೆ ತಡೆಯುವ ಶಕ್ತಿ. ಕಾರಿನ ತುಂಬಿದ ತೂಕ ಮತ್ತು ಟ್ರೇಲರ್ ತೂಕ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ನಿಮಗೆ ಬೇಕಾದ ಡಿ ಸಿಗುತ್ತದೆ. ತೂಕ ಟನ್ನಿನಲ್ಲಿ ಇರಬೇಕು. ಕಾರು 2 ಟನ್, ಟ್ರೇಲರ್ 1 ಟನ್ ಆದರೆ 6.54 ಕಿಲೋನ್ಯೂಟನ್. ಪ್ಲೇಟಿನ ಅಂಕಿ ಅದಕ್ಕಿಂತ ಹೆಚ್ಚಿರಬೇಕು. ಪ್ಲೇಟೇ ಇಲ್ಲದ, ಯಾರೋ ವೆಲ್ಡ್ ಮಾಡಿಕೊಟ್ಟ ಬಾರ್ ಬೇಡ. ಗುಂಡಿನ ಅಳತೆಯನ್ನೂ ನೋಡಿಕೊಳ್ಳಿ. 50 ಮಿಲಿಮೀಟರ್ ಗುಂಡು ಒಂದು, ಅಮೆರಿಕದ 2 ಇಂಚಿನದು ಇನ್ನೊಂದು. ಎರಡಕ್ಕೂ ಇರುವ ಅಂತರ 0.8 ಮಿಲಿಮೀಟರ್. 2 ಇಂಚಿನ ಕಪ್ಲರ್, ಅಂದರೆ ಗುಂಡನ್ನು ಹಿಡಿಯುವ ಟ್ರೇಲರಿನ ಕೊಂಡಿ, 50ರ ಗುಂಡಿನ ಮೇಲೆ ಕೂತ ಹಾಗೆ ಕಾಣುತ್ತದೆ, ಆದರೆ ಸಡಿಲ ಇರುತ್ತದೆ.

ಬಂಪರ್ ಬಿಚ್ಚುವುದು ತಾಳ್ಮೆಯ ಕೆಲಸ, ಕಷ್ಟದ್ದಲ್ಲ. ಹಿಂದಿನ ಲೈಟುಗಳು, ಚಕ್ರದ ಒಳಗಿನ ಪ್ಲಾಸ್ಟಿಕ್, ಕೆಳಗಿನ ಕ್ಲಿಪ್ಪುಗಳು, ಆಮೇಲೆ ಬಂಪರ್. ಸೆನ್ಸರ್ ವೈರಿನ ಕನೆಕ್ಟರ್ ಮರೆತು ಎಳೆಯಬೇಡಿ. ಇಬ್ಬರು ಇದ್ದರೆ ಒಳ್ಳೆಯದು.

ಟೋ ಬಾರ್ ಕೂರುವ ಜಾಗದಲ್ಲಿ ಚಾಸಿಸ್ ಮೇಲೆ ಕಪ್ಪು ಡಾಂಬರಿನಂಥ ಲೇಪ ಇರುತ್ತದೆ. ಬಾರ್ ಮುಟ್ಟುವ ಕಡೆ ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಅದು ಮೆತ್ತಗಿನ ವಸ್ತು. ಬೋಲ್ಟ್ ಬಿಗಿದಾಗ ಗಟ್ಟಿ ಅನ್ನಿಸುತ್ತದೆ. ಭಾರ ಬಿದ್ದ ಮೇಲೆ, ಬಿಸಿಲಿಗೆ ಕಾದ ಮೇಲೆ ಅದು ಹಿಂಡಿಕೊಂಡು ಹೊರಗೆ ಹೋಗುತ್ತದೆ, ಬೋಲ್ಟ್ ಸಡಿಲ ಆಗುತ್ತದೆ. ತೂತು ಕೊರೆಯಬೇಕಾಗಿ ಬಂದರೆ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ. ಗೋವಾಕ್ಕೆ, ಕೊಂಕಣಕ್ಕೆ ಓಡಾಡುವ ಗಾಡಿಯಾದರೆ ಇದನ್ನು ಬಿಡಲೇಬೇಡಿ, ಉಪ್ಪು ಗಾಳಿ ಬರಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಚಾಸಿಸ್ ಒಳಗೆ ಪೊಳ್ಳು. ಕಿಟ್‌ನಲ್ಲಿ ಉಕ್ಕಿನ ಕೊಳವೆ ಕೊಟ್ಟಿದ್ದರೆ ಅದು ಬೋಲ್ಟ್ ಬಿಗಿದಾಗ ಚಾಸಿಸ್ ಚಪ್ಪಟೆ ಆಗದಂತೆ ತಡೆಯಲಿಕ್ಕೆ. ಉಳಿಯಿತು ಅಂತ ಡಬ್ಬಿಗೆ ಹಾಕಬೇಡಿ.

ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಅಂತ ಅದರ ಗಟ್ಟಿತನದ ನಂಬರ್ ಬರೆದಿರುತ್ತದೆ. ಕಿಟ್‌ನಲ್ಲಿ ಬಂದದ್ದನ್ನೇ ಹಾಕಿ. ಒಂದು ಕಳೆದರೆ ಪುಣೆಯ ನಾನಾ ಪೇಠದಲ್ಲೋ ಬೋಹರಿ ಆಳಿಯಲ್ಲೋ ಅದೇ ನಂಬರಿನದನ್ನು ಕೇಳಿ ತನ್ನಿ. 12 ಮಿಲಿಮೀಟರಿನ 8.8 ಬೋಲ್ಟಿಗೆ ಬಿಗಿಯುವ ಬಲ ಸಾಮಾನ್ಯವಾಗಿ 80 ನ್ಯೂಟನ್ ಮೀಟರ್ ಆಸುಪಾಸು, 10.9ಕ್ಕೆ 115ರಿಂದ 120. ಆದರೂ ಕಿಟ್‌ನ ಕಾಗದದಲ್ಲಿ ಬರೆದ ಅಂಕಿಯೇ ಕೊನೆಯ ಮಾತು. ಎಲ್ಲಾ ಬೋಲ್ಟ್ ಕೈಯಿಂದ ಹಾಕಿ, ಬಾರ್ ನಡುವಿಗೆ ತಂದು, ಆಮೇಲೆ ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಅನ್ನುವ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಅಂದಾಜಿನ ಮೇಲೆ ಬೇಡ.

ವೈರಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕೆಲವು ನಿಮಿಷ ಕಾಯಿರಿ. ಬಾಗಿಲ ಕೆಳಗಿನ ಪಟ್ಟಿಯಲ್ಲಿ, ಸೀಟಿನ ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದರ ತಂಟೆಗೆ ಹೋಗಬೇಡಿ.

ಬ್ಯಾಟರಿಯಿಂದ ಡಿಕ್ಕಿವರೆಗೆ 2.5 ಚದರ ಮಿಲಿಮೀಟರ್ ವೈರ್ ಎಳೆಯಿರಿ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು, ಒಂದು ಗೇಣಿನ ಒಳಗೆ. ಫ್ಯೂಸನ್ನು ಡಿಕ್ಕಿಯಲ್ಲಿ ಇಟ್ಟರೆ ಮಧ್ಯದ ಅಷ್ಟೂ ವೈರಿಗೆ ರಕ್ಷಣೆ ಇಲ್ಲ. ಟ್ರೇಲರಿನ ಎಲ್ಲಾ ಲೈಟ್ ಒಟ್ಟಿಗೆ ಹತ್ತಿದರೂ ಸುಮಾರು 130 ವಾಟ್, ಅಂದರೆ 11 ಆಂಪ್. 15ರ ಫ್ಯೂಸ್ ಸಾಕು. ಬ್ಯಾಟರಿಯ ನೆಗೆಟಿವ್ ಮೇಲೆ ಸಣ್ಣ ಸೆನ್ಸರ್ ಇರುವ ಕಾರಾದರೆ ನಿಮ್ಮ ಅರ್ಥಿಂಗ್ ವೈರನ್ನು ಬ್ಯಾಟರಿಗೆ ಕಟ್ಟಬೇಡಿ, ಬಾಡಿಯ ಅರ್ಥ್ ಬೋಲ್ಟಿಗೆ ಕಟ್ಟಿ. ಇಲ್ಲದಿದ್ದರೆ ಆ ಸೆನ್ಸರಿನ ಲೆಕ್ಕ ತಪ್ಪುತ್ತದೆ.

ಜೋಡಣೆಗೆ ನೀಲಿ ಕ್ಲಿಪ್ ಬೇಡ. ಅದು ಒಳಗಿನ ಎಳೆ ಕತ್ತರಿಸುತ್ತದೆ, ನೀರು ಹೋಗಲು ದಾರಿ ಮಾಡುತ್ತದೆ. ಲೋಹದ ತೋಳಿನಲ್ಲಿ ವೈರ್ ಇಟ್ಟು ಒತ್ತಿ ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಕ್ಯಾನ್ ಲೈನ್ ಅಂದರೆ ಒಂದಕ್ಕೊಂದು ಹೆಣೆದ ಎರಡು ವೈರ್. ಹೆಣಿಗೆ ಜಾಸ್ತಿ ಬಿಚ್ಚಬೇಡಿ. ಬಲ್ಬಿನ ಟೆಸ್ಟ್ ಲ್ಯಾಂಪ್ ಅದಕ್ಕೆ ತಾಗಿಸಲೇಬೇಡಿ, ಮಲ್ಟಿಮೀಟರ್ ಬಳಸಿ. ಹೈಸ್ಪೀಡ್ ಕ್ಯಾನ್ ಆದರೆ, ಬ್ಯಾಟರಿ ಬಿಚ್ಚಿದಾಗ ಎರಡರ ನಡುವೆ ಸುಮಾರು 60 ಓಮ್ ತೋರಿಸಬೇಕು. ಜೋಡಿಸುವ ಮೊದಲೂ ಆಮೇಲೂ ನೋಡಿ. 120 ಬಂದರೆ ಎಲ್ಲೋ ಒಂದು ತುದಿ ಕಡಿದಿದೆ.

ವೈರ್ ಹೊರಗೆ ಬರುವ ತೂತಿಗೆ ಗ್ರೊಮೆಟ್ ಅನ್ನುವ ರಬ್ಬರ್ ಬಳೆ ಹಾಕಿ. ಹೊರಗೆ ವೈರ್ ಒಮ್ಮೆ ಕೆಳಗಿಳಿದು ಮೇಲೆ ಬಂದು ಒಳಗೆ ಹೋಗಲಿ. ಆಗ ಲೋಣಾವಳಾದ ಮಳೆಯಲ್ಲೂ ನೀರು ಕೆಳಗಿನ ತಿರುವಿನಲ್ಲಿ ತೊಟ್ಟಿಕ್ಕುತ್ತದೆ, ಡಿಕ್ಕಿಗೆ ಬರುವುದಿಲ್ಲ.

7 ಪಿನ್ ಸಾಕೆಟ್ಟಿನ ಲೆಕ್ಕ ಹೀಗೆ: 1 ಎಡ ಇಂಡಿಕೇಟರ್, 2 ಹಿಂದಿನ ಫಾಗ್ ಲೈಟ್, 3 ಅರ್ಥ್, 4 ಬಲ ಇಂಡಿಕೇಟರ್, 5 ಬಲ ಟೇಲ್, 6 ಬ್ರೇಕ್, 7 ಎಡ ಟೇಲ್. ಸ್ಟ್ಯಾಂಡರ್ಡ್ ಬಣ್ಣ ಇದೇ ಸಾಲಿನಲ್ಲಿ ಹಳದಿ, ನೀಲಿ, ಬಿಳಿ, ಹಸಿರು, ಕಂದು, ಕೆಂಪು, ಕಪ್ಪು. ಆದರೆ ಇಲ್ಲಿ ಮಾಡಿದ ಟ್ರೇಲರಿನಲ್ಲಿ ಕೈಗೆ ಸಿಕ್ಕ ಬಣ್ಣದ ವೈರ್ ಹಾಕಿರುತ್ತಾರೆ. ಬಣ್ಣ ನಂಬಬೇಡಿ, ಪಿನ್ ನಂಬರ್ ನೋಡಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಹತ್ತಿದರೆ, ಒಂದು ಲೈಟಿಗೆ ಇನ್ನೊಂದು ಸೇರಿಕೊಂಡು ಮಿನುಗಿದರೆ, ಹತ್ತರಲ್ಲಿ ಒಂಬತ್ತು ಸಲ 3ನೇ ಪಿನ್ನಿನ ಅರ್ಥ್ ಸಡಿಲ ಇರುತ್ತದೆ. ಬೇರೆ ಏನನ್ನೂ ಬಿಚ್ಚುವ ಮೊದಲು ಅದನ್ನು ನೋಡಿ.

ಮೊದಲ ಸಲ ಹೊರಡುವಾಗ ಸಾಮಾನು ತುಂಬಿದ ಟ್ರೇಲರ್ ಮೂತಿಯನ್ನು ಮನೆಯ ತೂಕದ ಯಂತ್ರದ ಮೇಲೆ ಇಟ್ಟು ನೋಡಿ. ಟ್ರೇಲರಿನ ಒಟ್ಟು ತೂಕದ ನೂರಕ್ಕೆ 5ರಿಂದ 7 ಪಾಲು ಮೂತಿಯ ಮೇಲೆ ಬೀಳಬೇಕು, ಎಸ್ ಅಂಕಿ ಮೀರಬಾರದು. ಭಾರ ಹಿಂದಕ್ಕೆ ಹೋದರೆ ಟ್ರೇಲರ್ ಹಾವಿನ ಹಾಗೆ ಹರಿದಾಡುತ್ತದೆ. ಖಂಡಾಳಾ ಘಾಟಿನ ಇಳಿಜಾರಿನಲ್ಲಿ ಅದನ್ನು ಹಿಡಿಯುವುದು ಬಹಳ ಕಷ್ಟ.

ಸುಮಾರು 1000 ಕಿಲೋಮೀಟರ್ ಆದ ಮೇಲೆ ಎಲ್ಲಾ ಬೋಲ್ಟ್ ಮತ್ತೆ ಟಾರ್ಕ್ ರೆಂಚಿನಿಂದ ನೋಡಬೇಕು. ಚಿಂಚವಡದ ಹುಡುಗ ಮರೆಯದೆ ಬಂದ. ಇಂಡಿಕೇಟರ್, ಬ್ರೇಕ್ ಎಲ್ಲಾ ಸರಿ ಇತ್ತು. ರೆಂಚ್ ಅವನ ಕೈಗೇ ಕೊಟ್ಟೆ. ಮೂರು ಬೋಲ್ಟ್ ಅಲುಗಲಿಲ್ಲ, ಟಕ್ ಅಂದವು. ಬಲಗಡೆ ಹಿಂದಿನದು ಮಾತ್ರ ಕಾಲು ಸುತ್ತು ತಿರುಗಿತು.

"ಇಲ್ಲಿ ಆ ಕರಿ ಲೇಪ ಕೆರೆದಿದ್ದಿಲ್ರಿ ಅಣ್ಣಾರ. ಕೈ ಮುಟ್ಟಿರಲಿಲ್ಲ" ಅಂದ.

ಅವತ್ತು ಮಧ್ಯಾಹ್ನ ಇಬ್ಬರೂ ಸೇರಿ ಬಂಪರ್ ಮತ್ತೆ ಬಿಚ್ಚಿದೆವು.