ಕಲಬುರಗಿಯಲ್ಲಿ ಸ್ಪೋರ್ಟ್ಸ್ ಕಾರಿನ ರೇಡಿಯೇಟರ್ ಯಾರಿಗೆ ತೋರಿಸಬೇಕು?

ಪ್ರಶ್ನೆ: ಹೈದರಾಬಾದಿನಲ್ಲಿ 2008ರ ಒಂದು ಪೋರ್ಷೆ ಬಾಕ್ಸ್‌ಸ್ಟರ್ ಕೊಂಡೆ. ಹೈವೇಯಲ್ಲಿ ಏನೂ ತೊಂದರೆ ಇಲ್ಲ. ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ. ಕಲಬುರಗಿಯಲ್ಲೇ ರಿಪೇರಿ ಆಗುತ್ತಾ, ಇಲ್ಲ ಹೈದರಾಬಾದಿಗೇ ಒಯ್ಯಬೇಕಾ?

ಅರ್ಧ ಕೆಲಸ ಇಲ್ಲೇ ಆಗುತ್ತದೆ. ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಆ ಅರ್ಧದಲ್ಲೇ ಮುಗಿಯಲೂಬಹುದು.

ಓಡುವಾಗ ತಣ್ಣಗಿದ್ದು ನಿಂತಾಗ ಬಿಸಿಯಾಗುತ್ತದೆ ಅಂದರೆ ಮೊದಲ ಅನುಮಾನ ಗಾಳಿಯ ಮೇಲೆ. ಓಡುವ ಕಾರಿಗೆ ಗಾಳಿ ತಾನಾಗಿ ನುಗ್ಗುತ್ತದೆ. ನಿಂತ ಕಾರಿಗೆ ಫ್ಯಾನೇ ಎಳೆದುಕೊಡಬೇಕು. ಬಾಕ್ಸ್‌ಸ್ಟರ್‌ನ ಎಂಜಿನ್ ಸೀಟಿನ ಹಿಂದಿದೆ, ರೇಡಿಯೇಟರ್‌ಗಳು ಮುಂದಿನ ಬಂಪರಿನ ಎಡ ಬಲ ಮೂಲೆಯಲ್ಲಿವೆ. ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ, ಎರಡೂ ಮೂಲೆಗೆ ಕಿವಿ ಕೊಡಿ. ಒಂದು ಕಡೆ ಸದ್ದೇ ಇಲ್ಲದಿದ್ದರೆ ಅಲ್ಲಿಂದ ಶುರು ಮಾಡಿ. ಈ ಫ್ಯಾನ್‌ಗಳಿಗೆ ಎರಡು ವೇಗ. ಕಡಿಮೆ ವೇಗಕ್ಕಾಗಿ ಕರೆಂಟ್ ತಗ್ಗಿಸುವ ರೆಸಿಸ್ಟರ್ ಸುಟ್ಟುಹೋಗುವುದು ಈ ಕಾರುಗಳಲ್ಲಿ ಮಾಮೂಲು. ಅದನ್ನು ಒಬ್ಬ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹಿಡಿಯಬಲ್ಲ, ಪೋರ್ಷೆ ಬೋರ್ಡ್ ಹಾಕಿದ ಗ್ಯಾರೇಜೇ ಬೇಕಿಲ್ಲ.

ಫ್ಯಾನ್ ಸರಿಯಿದ್ದರೆ ಬಂಪರ್ ಬಿಚ್ಚಿಸಿ. ಗೆಳೆಯರೊಬ್ಬರ ಇಂಥದ್ದೇ ಕಾರಿನ ಬಂಪರ್ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹೊರಗಿನಿಂದ ನೋಡಿದರೆ ಫಳಫಳ. ರೇಡಿಯೇಟರಿನ ಮುಂದೆ ಕೂರುವ ಎಸಿ ಕಂಡೆನ್ಸರ್ ಸರಿಸಿದರೆ ಅದರ ಹಿಂದೆ ಒಣಗಿದ ಬೇವಿನ ಎಲೆ, ಒಂದು ಗುಟ್ಕಾ ಚೀಟಿ, ಮತ್ತೆ ಬೊಗಸೆ ತುಂಬ ತೊಗರಿ ಹೊಟ್ಟು! ರಾಶಿ ಮಾಡುವ ದಿನಗಳಲ್ಲಿ ನಮ್ಮ ರಸ್ತೆಗಳಲ್ಲಿ ಓಡಾಡಿದ ಕಾರು, ಇನ್ನೇನು ಸಿಗಬೇಕು? ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಪ್ರೆಷರ್ ವಾಷರ್ ಹಿಡಿದರೆ ರೇಡಿಯೇಟರ್ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಮತ್ತಷ್ಟು ಮುಚ್ಚುತ್ತದೆ.

ಇಷ್ಟಾದರೂ ಮುಳ್ಳು ಏರಿದರೆ ಇಲ್ಲಿ ಪ್ರಯೋಗ ಬೇಡ. ಲಾರಿ, ಟ್ರ್ಯಾಕ್ಟರ್‌ಗಳ ಹಿತ್ತಾಳೆ ರೇಡಿಯೇಟರ್‌ಗೆ ಬೆಸುಗೆ ಹಾಕುವುದರಲ್ಲಿ ನಮ್ಮ ಹಳೆಯ ಕೆಲಸಗಾರರು ನಿಸ್ಸೀಮರು. ಆದರೆ ನಿಮ್ಮದು ಅಲ್ಯೂಮಿನಿಯಂ, ಅದಕ್ಕೆ ಪ್ಲಾಸ್ಟಿಕ್ ಟ್ಯಾಂಕ್. ಆ ಬೆಸುಗೆ ಇದಕ್ಕೆ ನಡೆಯುವುದಿಲ್ಲ. "ಥರ್ಮೋಸ್ಟಾಟ್ ತೆಗೆದುಬಿಡೋಣ ಸರ್, ತಣ್ಣಗಿರ್ತದ" ಅಂದರೂ ಒಪ್ಪಬೇಡಿ. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್ ಅದು. ನನ್ನ ಹಳೆಯ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹಾಗೇ ಮಾಡಿದರು. ಚಳಿಗಾಲವೆಲ್ಲ ಎಂಜಿನ್ ಸರಿಯಾಗಿ ಬಿಸಿಯೇ ಆಗಲಿಲ್ಲ, ಪೆಟ್ರೋಲ್ ಮಾತ್ರ ಜಾಸ್ತಿ ಕುಡಿಯಿತು. ಬೋರ್‌ವೆಲ್ ನೀರಂತೂ ಹಾಕಿಸಲೇಬೇಡಿ. ಶಹಾಬಾದ್ ಕಲ್ಲು ಸಿಗುವ ನೆಲದ ನೀರು ಎಷ್ಟು ಗಡಸು ಅನ್ನುವುದನ್ನು ನಿಮ್ಮ ಗೀಸರ್ ಕಾಯಿಲ್ ನೋಡಿದರೆ ಸಾಕು. ಆ ಬಿಳಿ ಪದರ ಎಂಜಿನ್ ಒಳಗೂ ಕೂರುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್, ಅರ್ಧಕ್ಕರ್ಧ.

ಇನ್ನು ಹೈದರಾಬಾದಿನಲ್ಲಿ ಯಾರ ಹತ್ತಿರ? ಬೋರ್ಡ್ ನೋಡಿ ನಂಬಬೇಡಿ, ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಕೂಲೆಂಟ್ ತುಂಬುವಾಗ ಗಾಳಿ ಹೇಗೆ ತೆಗೀತೀರಿ?" ಈ ಕಾರಿನ ಪೈಪುಗಳು ಹಿಂದಿನ ಎಂಜಿನ್‌ನಿಂದ ಮುಂದಿನ ಬಂಪರಿನವರೆಗೆ ಓಡುತ್ತವೆ. ಸಣ್ಣ ಹ್ಯಾಚ್‌ಬ್ಯಾಕ್‌ಗೆ ನಾಲ್ಕೈದು ಲೀಟರ್ ಸಾಕಾದರೆ ಇದಕ್ಕೆ ಹದಿನೈದು ಲೀಟರಿಗಿಂತ ಜಾಸ್ತಿ ಬೇಕು. ನಡುವೆ ಎಲ್ಲೋ ಗಾಳಿ ಸಿಕ್ಕಿಕೊಂಡರೆ ಹೊಸ ವಾಟರ್ ಪಂಪ್ ಹಾಕಿದರೂ ಬಿಸಿಯಾಗುತ್ತದೆ. "ವ್ಯಾಕ್ಯೂಮ್ ಹಾಕಿ ತುಂಬ್ತೀವಿ" ಅಂದರೆ ಮಾತು ಮುಂದುವರಿಸಿ. "ಮುಚ್ಚಳ ತೆಗೆದು ಸುಮ್ನೆ ಸುರಿತೀವಿ" ಅಂದರೆ ಬೇರೆ ನಂಬರ್ ಹುಡುಕಿ. ಬಿಲ್ ಮಾಡುವ ಮೊದಲು ಪ್ರೆಷರ್ ಟೆಸ್ಟ್ ಮಾಡ್ತೀರಾ, ಕೂಲೆಂಟ್ ಟ್ಯಾಂಕಿನ ಮುಚ್ಚಳವನ್ನೂ ಪರೀಕ್ಷೆ ಮಾಡ್ತೀರಾ ಅಂತಲೂ ಕೇಳಿ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ಕೂಲೆಂಟ್ ಬೆರೆಸಿ, ಮುಚ್ಚಳ ಒತ್ತಡ ಹಿಡಿದಿದ್ದರೆ 120 ಆದರೂ ಕುದಿಯದು. ಮುಚ್ಚಳ ಸೋತರೆ ಆ ಲಾಭವೆಲ್ಲ ಹೋಯಿತು.

ಕಾರನ್ನು ಓಡಿಸಿಕೊಂಡು ಹೋಗಬೇಡಿ, ಅದರಲ್ಲೂ ಮೇ ತಿಂಗಳ ಬಿಸಿಲಲ್ಲಿ. ಫ್ಲಾಟ್‌ಬೆಡ್ ಮೇಲೆ ಕಳಿಸಿ. ಇನ್ಶೂರೆನ್ಸ್‌ನಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಎಷ್ಟು ಕಿಲೋಮೀಟರ್‌ವರೆಗೆ ಒಯ್ಯುತ್ತಾರೆ ಅಂತ ಇವತ್ತೇ ವಿಚಾರಿಸಿ. ಹೈದರಾಬಾದ್ ಇಲ್ಲಿಂದ ಸುಮಾರು 220 ಕಿ.ಮೀ. ಉಳಿದ ದೂರದ ಬಾಡಿಗೆ ಎಷ್ಟು ಅನ್ನೋದು ಹುಮನಾಬಾದ್ ಹತ್ತಿರ ಹೊಗೆ ಎದ್ದಾಗ ಗೊತ್ತಾಗಬಾರದು, ಅಲ್ವಾ?